ಅಂತರ್ಯುದ್ಧ ಮುಗಿದ ಮೇಲೆ ಸಾಮಾನ್ಯ ಸಿಪಾಯಿ ಏನಾದ?

ಪ್ರಶ್ನೆ: ಮಗನ ಮನೆಗೆಂದು ಅಮೆರಿಕಕ್ಕೆ ಹೋದಾಗ ಗೆಟ್ಟಿಸ್‌ಬರ್ಗ್ ರಣರಂಗವನ್ನು ನೋಡಿ ಬಂದೆ. ಕುದುರೆಯ ಮೇಲೆ ಕುಳಿತ ಜನರಲ್‌ಗಳ ಪ್ರತಿಮೆಗಳನ್ನು ನೋಡುತ್ತಿದ್ದರೂ ಮನಸ್ಸು ಮಾತ್ರ ಹೆಸರಿಲ್ಲದ ಸಿಪಾಯಿಯ ಕಡೆಗೇ ಹೋಗುತ್ತಿತ್ತು. ನಮ್ಮ ತಂದೆಯವರು ಸೈನ್ಯದಲ್ಲಿದ್ದವರು. ಪಿಂಚಣಿಯಲ್ಲಾದ ಒಂದು ತಪ್ಪನ್ನು ತಿದ್ದಿಸಲು ಅವರು ವರ್ಷಗಟ್ಟಲೆ ಅಲೆದದ್ದನ್ನು ಕಂಡಿದ್ದೇನೆ. ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ ಸಾಮಾನ್ಯ ಸೈನಿಕ ಹೇಗೆ ಬದುಕಿದ? ಯುದ್ಧ ಮುಗಿದ ಮೇಲೆ ಅವನ ಗತಿ ಏನಾಯಿತು? ಯಾರಾದರೂ ಅವನನ್ನು ನೋಡಿಕೊಂಡರೇ?
— ಬೆಳಗಾವಿ ಜಿಲ್ಲೆಯ ಓದುಗರೊಬ್ಬರು

ಉತ್ತರ: ತಂದೆಯವರ ವಿಷಯವನ್ನು ನೀವು ಬರೆದದ್ದು ಒಳ್ಳೆಯದಾಯಿತು. ಏಕೆಂದರೆ ಆ ಸಿಪಾಯಿಯ ಬಗ್ಗೆ ಇವತ್ತು ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಬಂದಿರುವುದು ಅವನ ಪಿಂಚಣಿ ಕಡತದಿಂದಲೇ. ಗುಲಾಮಗಿರಿಯ ಕಾರಣಕ್ಕೆ ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಯುದ್ಧ ನಡೆದದ್ದು 1861ರ ಏಪ್ರಿಲ್‌ನಿಂದ ನಾಲ್ಕು ವರ್ಷ. ಬದುಕುಳಿದವನು ಆಮೇಲೆ ಮೂವತ್ತು, ನಲವತ್ತು, ಕೆಲವೊಮ್ಮೆ ಎಪ್ಪತ್ತು ವರ್ಷ ಬಾಳಿದ. ಆ ಉದ್ದಕ್ಕೂ ತಾನು ಯುದ್ಧದಲ್ಲಿದ್ದೆ, ತನ್ನ ಮೈಗೆ ಇಂಥದ್ದಾಯಿತು ಎಂದು ಕಾಗದದ ಮೇಲೆ ತೋರಿಸಿಕೊಡುತ್ತಲೇ ಇರಬೇಕಾಯಿತು. ಜನರಲ್‌ಗಳು ಆತ್ಮಕಥೆ ಬರೆದುಕೊಂಡರು. ಸಿಪಾಯಿಯ ಆತ್ಮಕಥೆ ಅರ್ಜಿ ನಮೂನೆಗಳಲ್ಲಿ, ವೈದ್ಯರ ವರದಿಗಳಲ್ಲಿ, ಜೊತೆಗಾರರು ಬರೆದುಕೊಟ್ಟ ಪ್ರಮಾಣಪತ್ರಗಳಲ್ಲಿ ಚೂರುಚೂರಾಗಿ ಉಳಿದಿದೆ. ಆ ಕಡತಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಈಗಲೂ ಇವೆ.

ಇವನು ಯಾರು ಎಂಬುದರಿಂದ ಶುರು ಮಾಡುತ್ತೇನೆ. ಉತ್ತರದ ಯೂನಿಯನ್ ಪಡೆಯಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಸೇವೆ ಸಲ್ಲಿಸಿದರು. ದಕ್ಷಿಣದ ಕಾನ್ಫೆಡರೇಟ್ ಪಡೆಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಉತ್ತರದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ರೈತರು ಅಥವಾ ರೈತರ ಮಕ್ಕಳು. ಕಾಲು ಭಾಗದಷ್ಟು ಜನ ಜರ್ಮನಿ, ಐರ್ಲೆಂಡ್ ಮೊದಲಾದ ಕಡೆಗಳಿಂದ ವಲಸೆ ಬಂದವರು. ಸರಾಸರಿ ವಯಸ್ಸು ಇಪ್ಪತ್ತೈದರ ಆಸುಪಾಸು. ಸುಮಾರು ನೂರು ಜನರಿಗೆ ಒಂದು ಕಂಪನಿ, ಹತ್ತು ಕಂಪನಿಗಳಿಗೆ ಒಂದು ರೆಜಿಮೆಂಟ್. ಒಂದು ಕಂಪನಿಯವರೆಲ್ಲ ಸಾಮಾನ್ಯವಾಗಿ ಒಂದೇ ಸೀಮೆಯವರು. ಅಣ್ಣತಮ್ಮಂದಿರು, ಭಾವಮೈದುನರು, ಶಾಲೆಯಲ್ಲಿ ಪಕ್ಕದಲ್ಲಿ ಕುಳಿತವರು ಒಟ್ಟಿಗೇ ಹೆಸರು ಬರೆಸಿದರು. ಅನೇಕ ಕಂಪನಿಗಳಲ್ಲಿ ತಮ್ಮ ಕ್ಯಾಪ್ಟನ್ನನನ್ನೂ ತಾವೇ ಮತ ಹಾಕಿ ಆರಿಸಿಕೊಂಡರು. ಒಂದೇ ಮಧ್ಯಾಹ್ನದ ಕಾಳಗ ಒಂದು ಇಡೀ ಊರಿಗೆ ಸೂತಕ ತರುವಂಥ ಏರ್ಪಾಡು ಇದು. ಈ ಕಂಪನಿಯ ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಪಿಂಚಣಿಯ ಮಾತು ಬಂದಾಗ ಇದೇ ಜನ ಮತ್ತೆ ಬರುತ್ತಾರೆ.

ಸಂಬಳ ಯೂನಿಯನ್ ಸಿಪಾಯಿಗೆ ತಿಂಗಳಿಗೆ 13 ಡಾಲರ್. 1864ರಲ್ಲಿ ಅದು 16 ಆಯಿತು. ಎರಡು ತಿಂಗಳಿಗೊಮ್ಮೆ ಕೊಡಬೇಕೆಂಬ ನಿಯಮ ಇದ್ದರೂ ಆರು ತಿಂಗಳು ಕೈಗೆ ಕಾಸು ಬಾರದಿದ್ದದ್ದು ಅಪರೂಪವಲ್ಲ. ಊರಲ್ಲಿ ಹೆಂಡತಿ ಸಾಲ ಮಾಡಿ ಬಿತ್ತನೆ ಮುಗಿಸುತ್ತಿದ್ದಳು. 1863ರ ಮಾರ್ಚ್‌ನಲ್ಲಿ ಕಡ್ಡಾಯ ಸೇನಾ ಭರ್ತಿ ಬಂದಾಗ 300 ಡಾಲರ್ ಕಟ್ಟಿದವನು ತಪ್ಪಿಸಿಕೊಳ್ಳಬಹುದಿತ್ತು. ಸಿಪಾಯಿಯ ಎರಡು ವರ್ಷದ ಸಂಬಳಕ್ಕೆ ಸಮನಾದ ಹಣ ಅದು. ದಕ್ಷಿಣದಲ್ಲಿ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಗುಲಾಮರಿದ್ದ ತೋಟಕ್ಕೆ ಒಬ್ಬ ಬಿಳಿಯನಂತೆ ವಿನಾಯಿತಿ ಸಿಕ್ಕಿತು. ಯುದ್ಧ ಸಿರಿವಂತರದು, ಸಾಯುವವರು ಬಡವರು ಎಂಬ ಮಾತು ಎರಡೂ ಕಡೆ ಹುಟ್ಟಿದ್ದು ಸುಮ್ಮನೆ ಅಲ್ಲ.

ಅವನ ದಿನ ಹೇಗಿತ್ತು? ಕಾಳಗದ ದಿನಗಳು ಬೆರಳೆಣಿಕೆಯವು. ಉಳಿದದ್ದೆಲ್ಲ ಕವಾಯತು, ಕಾವಲು, ಸೌದೆ ಒಡೆಯುವುದು, ನಡೆಯುವುದು, ಮತ್ತೆ ನಡೆಯುವುದು. ಮೈಮೇಲೆ ಉಣ್ಣೆಯ ಬಟ್ಟೆ, ಬೆನ್ನಮೇಲೆ ಹೊರೆ, ಹೆಗಲಮೇಲೆ ನಾಲ್ಕು ಕಿಲೋ ತೂಗುವ ಬಂದೂಕು. ಡೇರೆಯ ಅರ್ಧ ತುಂಡು ಇವನ ಹತ್ತಿರ, ಇನ್ನರ್ಧ ಜೊತೆಗಾರನ ಹತ್ತಿರ. ರಾತ್ರಿ ಅವೆರಡನ್ನೂ ಗುಂಡಿ ಹಾಕಿ ಸೇರಿಸಿದರೆ ಇಬ್ಬರು ಮಲಗುವಷ್ಟು ಗೂಡು. ಚಳಿಗಾಲದಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ಮಲಗುತ್ತಿದ್ದರು. ಒಬ್ಬ ಮಗ್ಗುಲು ಬದಲಿಸಿದರೆ ಇನ್ನೊಬ್ಬನೂ ಬದಲಿಸಲೇಬೇಕು.

ಊಟಕ್ಕೆ ಉಪ್ಪಿನಲ್ಲಿಟ್ಟ ಹಂದಿಮಾಂಸ, ಜೊತೆಗೆ ಹಾರ್ಡ್‌ಟ್ಯಾಕ್ ಎಂಬ ಬಿಸ್ಕತ್ತು. ಹಿಟ್ಟು ನೀರು ಬಿಟ್ಟರೆ ಅದರಲ್ಲಿ ಬೇರೇನೂ ಹೆಚ್ಚು ಇರುತ್ತಿರಲಿಲ್ಲ. ಮೂರು ಅಂಗುಲ ಅಗಲದ ಚೌಕ, ಕಲ್ಲಿನಂತೆ ಗಟ್ಟಿ. ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಬಿದ್ದಿದ್ದು ಕೈಗೆ ಬರುವ ಹೊತ್ತಿಗೆ ಹುಳು ಹಿಡಿದಿರುತ್ತಿತ್ತು. ಸಿಪಾಯಿ ಅದನ್ನು ಬಿಸಿ ಕಾಫಿಯೊಳಗೆ ಪುಡಿಮಾಡಿ ಹಾಕುತ್ತಿದ್ದ. ಹುಳುಗಳು ಮೇಲೆ ತೇಲಿ ಬಂದರೆ ಚಮಚದಲ್ಲಿ ತೆಗೆದೆಸೆದು, ಮೆತ್ತಗಾದ ಚೂರನ್ನು ತಿಂದು ಕಾಫಿ ಕುಡಿಯುತ್ತಿದ್ದ. ಆ ಕಾಫಿಯೇ ಅವನ ಜೀವ. ಬೀಜ ಪುಡಿಮಾಡಲು ಯಂತ್ರ ಎಲ್ಲಿಂದ ಬರಬೇಕು? ಬಂದೂಕಿನ ಹಿಡಿಯಿಂದ ಕುಟ್ಟಿ, ಡಬ್ಬದಲ್ಲಿ ಕುದಿಸಿ ಕುಡಿದರು. ನಡಿಗೆ ಐದು ನಿಮಿಷ ನಿಂತರೂ ಸಾಲುಸಾಲಾಗಿ ಸಣ್ಣ ಬೆಂಕಿಗಳು ಏಳುತ್ತಿದ್ದವು. ದಕ್ಷಿಣದ ಬಂದರುಗಳಿಗೆ ಉತ್ತರದ ನೌಕೆಗಳು ದಿಗ್ಬಂಧನ ಹಾಕಿದ್ದರಿಂದ ಅಲ್ಲಿಯ ಸಿಪಾಯಿಗೆ ಕಾಫಿ ಇರಲಿಲ್ಲ. ಅವನು ಚಿಕೋರಿ ಬೇರು, ಹುರಿದ ರೈ ಧಾನ್ಯ, ಓಕ್ ಮರದ ಕಾಯಿ ಕುದಿಸಿಕೊಂಡ. ಆದರೆ ಅವನ ಬಳಿ ಹೊಗೆಸೊಪ್ಪಿತ್ತು. ಹೀಗಾಗಿ ಕಾವಲಿನ ರಾತ್ರಿಗಳಲ್ಲಿ, ಅಧಿಕಾರಿಗಳ ಕಣ್ಣು ತಪ್ಪಿಸಿ, ಎರಡು ಕಡೆಯವರೂ ಕಾಫಿಗೆ ಹೊಗೆಸೊಪ್ಪು ಬದಲಾಯಿಸಿಕೊಳ್ಳುತ್ತಿದ್ದರು. ಬೆಳಗಾದರೆ ಅದೇ ಮುಖಕ್ಕೆ ಗುರಿಯಿಡಬೇಕು.

ಗುಂಡು ತುಂಬುವ ಕ್ರಿಯೆಯನ್ನೂ ಒಮ್ಮೆ ಹತ್ತಿರದಿಂದ ನೋಡಬೇಕು. ಸೊಂಟದ ಪೆಟ್ಟಿಗೆಯಲ್ಲಿ ನಲವತ್ತು ಕಾಗದದ ತೋಟಾಗಳು. ಒಂದನ್ನು ತೆಗೆದು ಹಲ್ಲಿನಿಂದ ಹರಿದು, ಮದ್ದನ್ನು ನಳಿಗೆಯಲ್ಲಿ ಸುರಿದು, ಸೀಸದ ಗುಂಡನ್ನು ಸರಳಿನಿಂದ ಒಳಕ್ಕೆ ದೂಡಿ, ಸರಳನ್ನು ಸ್ವಸ್ಥಾನಕ್ಕೆ ಸೇರಿಸಿ, ಬಂದೂಕಿನ ಕುದುರೆ ಎಳೆದು, ಕಿಡಿ ಹಾರಿಸುವ ತಾಮ್ರದ ಕೇಪು ಕೂರಿಸಿ, ಗುರಿಯಿಡಬೇಕು. ಪಳಗಿದವನು ನಿಮಿಷಕ್ಕೆ ಮೂರು ಸಲ ಹಾರಿಸುತ್ತಿದ್ದ. ಹಲ್ಲಿನಿಂದ ಹರಿಯಬೇಕಾದ್ದರಿಂದ ಮುಂದಿನ ಹಲ್ಲಿಲ್ಲದವನನ್ನು ಭರ್ತಿ ಮಾಡಿಕೊಳ್ಳುತ್ತಿರಲಿಲ್ಲ. ಬಾಯಿ ತುಂಬ ಮದ್ದಿನ ಉಪ್ಪು, ತಡೆಯಲಾರದ ಬಾಯಾರಿಕೆ, ಹತ್ತು ಮಾರು ಆಚೆ ಕಾಣದಷ್ಟು ಹೊಗೆ. ಆ ಮೆತ್ತನೆಯ ಸೀಸದ ಗುಂಡು ಎಲುಬಿಗೆ ತಗುಲಿದರೆ ಎಲುಬು ಪುಡಿಪುಡಿ. ಅದಕ್ಕೇ ಅಷ್ಟೊಂದು ಕೈಕಾಲುಗಳನ್ನು ಕತ್ತರಿಸಬೇಕಾಯಿತು. ಒಂದು ತಪ್ಪು ಕಲ್ಪನೆಯನ್ನು ಇಲ್ಲಿ ತಿದ್ದಬೇಕು: ಅರಿವಳಿಕೆ ಇಲ್ಲದೆ ಕೊಯ್ದರು ಎಂಬುದು ಬಹುಮಟ್ಟಿಗೆ ನಿಜವಲ್ಲ, ಕ್ಲೋರೋಫಾರ್ಮ್ ಮತ್ತು ಈಥರ್ ಬಳಕೆಯಲ್ಲಿದ್ದವು. ಇಲ್ಲದ್ದು ಸೋಂಕಿನ ತಿಳಿವಳಿಕೆ. ಒಂದೇ ಗರಗಸ, ತೊಳೆಯದ ಕೈ, ಒಬ್ಬನಿಂದ ಇನ್ನೊಬ್ಬನಿಗೆ ಹೋಗುತ್ತಿತ್ತು.

ಆದರೂ ಗುಂಡಿಗಿಂತ ಹೆಚ್ಚು ಜನರನ್ನು ಕೊಂದದ್ದು ಕಾಯಿಲೆ. ಕಾಳಗದ ಗಾಯದಿಂದ ಒಬ್ಬ ಸತ್ತರೆ ರೋಗದಿಂದ ಇಬ್ಬರು. ಒಂಟಿ ಹೊಲದ ಮನೆಗಳಲ್ಲಿ ಬೆಳೆದ ಹುಡುಗರಿಗೆ ಬಾಲ್ಯದಲ್ಲಿ ದಡಾರವೇ ಬಂದಿರಲಿಲ್ಲ. ಬಿಡಾರಕ್ಕೆ ಬಂದ ಮೊದಲ ತಿಂಗಳಲ್ಲೇ ಸಾಲುಸಾಲಾಗಿ ಮಲಗಿದರು. ಆಮೇಲೆ ವಿಷಮಶೀತ ಜ್ವರ, ಮಲೇರಿಯ, ಎಲ್ಲಕ್ಕಿಂತ ಮಿಗಿಲಾಗಿ ಆಮಶಂಕೆ. ಸತ್ತವರು ಒಟ್ಟು ಆರು ಲಕ್ಷದ ಇಪ್ಪತ್ತು ಸಾವಿರ ಎಂದು ನಾವು ಓದುತ್ತಿದ್ದೆವು. ಜನಗಣತಿಯನ್ನು ಹೊಸದಾಗಿ ಲೆಕ್ಕಹಾಕಿದ ಸಂಶೋಧಕರು ಈಗ ಏಳು ಲಕ್ಷದ ಆಸುಪಾಸು ಎನ್ನುತ್ತಾರೆ. ಸತ್ತವನ ಗುರುತು ಹೇಳುವ ಬಿಲ್ಲೆಯನ್ನು ಸೈನ್ಯ ಕೊಡುತ್ತಿರಲಿಲ್ಲ. 1864ರಲ್ಲಿ ಕೋಲ್ಡ್ ಹಾರ್ಬರ್ ದಾಳಿಗೆ ಮೊದಲು ಸಿಪಾಯಿಗಳು ಹೆಸರು, ಊರು ಬರೆದ ಚೀಟಿಗಳನ್ನು ಕೋಟಿನ ಬೆನ್ನಿಗೆ ಪಿನ್ನು ಹಾಕಿಕೊಳ್ಳುತ್ತಿದ್ದದ್ದನ್ನು ಅಧಿಕಾರಿಯೊಬ್ಬರು ನೋಡಿ ಬರೆದಿಟ್ಟಿದ್ದಾರೆ. ಬೆನ್ನಿಗೇ ಏಕೆಂದರೆ, ಮುಂದಕ್ಕೆ ನುಗ್ಗುವವನು ಬೀಳುವುದು ಬೋರಲಾಗಿ. ಇದನ್ನು ಪಾಠ ಮಾಡುವಾಗ ನನಗೆ ಪ್ರತಿ ಸಲವೂ ಮಾತು ನಿಲ್ಲುತ್ತಿತ್ತು.

ಇನ್ನು ಮನೆಗೆ ಮರಳುವ ಮಾತು. 1865ರ ಏಪ್ರಿಲ್ 9ರಂದು ಅಪ್ಪೊಮ್ಯಾಟಕ್ಸ್‌ನಲ್ಲಿ ದಕ್ಷಿಣದ ಜನರಲ್ ಲೀ ಶರಣಾದಾಗ ಅಲ್ಲಿದ್ದ ಸುಮಾರು 28 ಸಾವಿರ ಕಾನ್ಫೆಡರೇಟರಿಗೆ ಒಂದೊಂದು ಅಚ್ಚು ಹಾಕಿದ ಚೀಟಿ ಸಿಕ್ಕಿತು, ಮನೆಗೆ ಹೋಗಲು ರಹದಾರಿಯಂತೆ. ಸ್ವಂತ ಕುದುರೆ ಇದ್ದವರು ಅದನ್ನು ಒಯ್ಯಲಿ, ಬೇಸಾಯಕ್ಕೆ ಬೇಕಾಗುತ್ತದೆ ಎಂದ ಉತ್ತರದ ಜನರಲ್ ಗ್ರ್ಯಾಂಟ್. ಬಹಳ ಜನ ಕಾಲ್ನಡಿಗೆಯಲ್ಲೇ ಹೋದರು. ಉತ್ತರದವರು ಮೇ 23 ಮತ್ತು 24ರಂದು ವಾಷಿಂಗ್ಟನ್ನಿನಲ್ಲಿ ಭಾರಿ ಮೆರವಣಿಗೆ ನಡೆಸಿ ಚದುರಿದರು. ಕಪ್ಪು ಸಿಪಾಯಿಗಳ ರೆಜಿಮೆಂಟುಗಳಿಗೆ ಆ ಮೆರವಣಿಗೆಯಲ್ಲಿ ಜಾಗ ಇರಲಿಲ್ಲ.

ಊರಿಗೆ ಹೋದವನನ್ನು ಕಾದಿದ್ದು ಸಾಲ ಮತ್ತು ಬೀಳು ಬಿದ್ದ ಹೊಲ. 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ ಪಶ್ಚಿಮದಲ್ಲಿ 160 ಎಕರೆ ಜಮೀನು ಸಿಗುತ್ತಿತ್ತು, ಐದು ವರ್ಷ ಅಲ್ಲೇ ಇದ್ದು ಉತ್ತರೆ. 1872ರಲ್ಲಿ ಸೈನ್ಯದಲ್ಲಿ ಕಳೆದ ಕಾಲವನ್ನೂ ಆ ಐದು ವರ್ಷದ ಲೆಕ್ಕಕ್ಕೆ ಹಿಡಿಯಲು ಅವಕಾಶ ಕೊಟ್ಟರು. ಹಾಗೆ ಕಾನ್ಸಸ್, ನೆಬ್ರಾಸ್ಕಗಳಿಗೆ ಹೊರಟವರು ಅನೇಕರು. ದಕ್ಷಿಣದ ಸಿಪಾಯಿ ಮರಳಿ ಹತ್ತಿ ಬೆಳೆಯಲು ಹೋದ. ಇಲ್ಲೊಂದು ನಮ್ಮ ಸೀಮೆಯ ಸಂಗತಿ: ಅವನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಿದ್ದ ನಾಲ್ಕು ವರ್ಷ ಲ್ಯಾಂಕಾಶೈರ್‌ನ ಗಿರಣಿಗಳು ಭಾರತದ ಕಡೆ ಕೈಚಾಚಿದ್ದವು. 1840ರ ದಶಕದಿಂದಲೇ ಬೆಳೆಯುತ್ತಿದ್ದ ‘ಧಾರವಾಡ ಅಮೆರಿಕನ್’ ಹತ್ತಿಗೆ ಚಿನ್ನದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿ, ಧಾರವಾಡದ ಹತ್ತಿಗಾಗಿ ಕಾರವಾರ ಬಂದರನ್ನು ಬೆಳೆಸಲು ಹೊರಟರು. ಅಲ್ಲಿ ಸಿಪಾಯಿ ಬಂದೂಕು ಕೆಳಗಿಟ್ಟ ವರ್ಷವೇ ಇಲ್ಲಿ ಹತ್ತಿಯ ಬೆಲೆ ನೆಲಕಚ್ಚಿತು. ನಿಮ್ಮ ಬೆಳಗಾವಿ ಸೀಮೆಯ ಹಳೆಯ ರೈತ ಮನೆತನಗಳಿಗೂ ಆ ಯುದ್ಧದ ಬಿಸಿ ತಟ್ಟದೆ ಇದ್ದಿರಲಾರದು.

ಕೈಕಾಲು ಕಳೆದುಕೊಂಡವರ ಕಥೆಗೆ ಬರುತ್ತೇನೆ. ವಿಲಿಯಂ ಓಲೆಂಡ್ ಬೋರ್ನ್ ಎಂಬವರು ನ್ಯೂಯಾರ್ಕಿನ ಸೇನಾ ಆಸ್ಪತ್ರೆಯಲ್ಲಿ ಗಾಯಾಳುಗಳ ನಡುವೆ ಓಡಾಡಿದವರು, ಸೈನಿಕರಿಗಾಗಿ ಪತ್ರಿಕೆ ನಡೆಸುತ್ತಿದ್ದರು. ಬಲಗೈ ಹೋದ ಯುವಕರು ಇನ್ನು ನನಗೆ ಕೆಲಸ ಯಾರು ಕೊಡುತ್ತಾರೆ ಎಂದು ಕುಳಿತಿದ್ದನ್ನು ಕಂಡು, 1865ರಲ್ಲಿ ಅವರಿಗಾಗಿ ಎಡಗೈ ಬರವಣಿಗೆಯ ಸ್ಪರ್ಧೆ ಏರ್ಪಡಿಸಿದರು. ಬಹುಮಾನದ ಒಟ್ಟು ಹಣ ಒಂದು ಸಾವಿರ ಡಾಲರ್. ಗುಮಾಸ್ತನ ಕೆಲಸಕ್ಕೆ ಅಕ್ಷರ ದುಂಡಗಿರಬೇಕಾದ ಕಾಲ ಅದು. ನೂರಾರು ಪತ್ರಗಳು ಬಂದವು. ಎಲ್ಲಿ, ಯಾವ ಕಾಳಗದಲ್ಲಿ ಕೈ ಹೋಯಿತು ಎಂಬುದನ್ನು ಆ ಎಡಗೈಯಲ್ಲೇ ಬರೆದಿದ್ದಾರೆ. ಅಕ್ಷರಗಳು ಮುತ್ತು ಪೋಣಿಸಿದಂತಿವೆ. ಹಟ ಹಿಡಿದು ಕಲಿತ ಕೈ ಎಂಬುದು ನೋಡಿದೊಡನೆ ತಿಳಿಯುತ್ತದೆ.

ಜೇಮ್ಸ್ ಟ್ಯಾನರ್ ಎಂಬ ಕಾರ್ಪೊರಲ್ ಹದಿನೆಂಟರ ವಯಸ್ಸಿನಲ್ಲಿ, 1862ರ ಎರಡನೆಯ ಬುಲ್ ರನ್ ಕಾಳಗದಲ್ಲಿ ಎರಡೂ ಕಾಲು ಕಳೆದುಕೊಂಡ. ಮರದ ಕಾಲುಗಳ ಮೇಲೆ ನಡೆಯಲು ಕಲಿತ, ಶೀಘ್ರಲಿಪಿ ಕಲಿತ. 1865ರ ಏಪ್ರಿಲ್ 14ರ ರಾತ್ರಿ ಹಂತಕನ ಗುಂಡೇಟು ತಿಂದ ಅಧ್ಯಕ್ಷ ಲಿಂಕನ್ ಪಕ್ಕದ ಕೋಣೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಾಗ ಸಾಕ್ಷಿಗಳ ಹೇಳಿಕೆಯನ್ನು ಬರೆದುಕೊಂಡವನು ಈತನೇ. 1889ರಲ್ಲಿ ದೇಶದ ಪಿಂಚಣಿ ಆಯುಕ್ತನೂ ಆದ. ಹಳೆಯ ಜೊತೆಗಾರರಿಗೆ ಕೈಬಿಚ್ಚಿ ಕೊಟ್ಟದ್ದಕ್ಕೆ ಆರು ತಿಂಗಳಲ್ಲಿ ಆ ಕುರ್ಚಿ ಬಿಡಬೇಕಾಯಿತು. ಟ್ಯಾನರ್‌ನಂಥವರು ವಿರಳ ಎಂಬುದನ್ನೂ ಹೇಳಬೇಕು. ಹೆಚ್ಚಿನವರು ಊರಲ್ಲೇ ಉಳಿದು, ಆಗುವಷ್ಟು ಕೆಲಸ ಮಾಡಿಕೊಂಡು, ಆಗದಿದ್ದಾಗ ಅರ್ಜಿ ಹಾಕಿದರು.

ಆ ಅರ್ಜಿಯ ದಾರಿ ಹೀಗಿತ್ತು. 1862ರ ಕಾಯ್ದೆ ಪೂರ್ತಿ ಅಶಕ್ತನಾದ ಸಿಪಾಯಿಗೆ ತಿಂಗಳಿಗೆ 8 ಡಾಲರ್ ಕೊಟ್ಟಿತು. ಆದರೆ ಅಶಕ್ತತೆ ಸೇವೆಯಲ್ಲಿದ್ದಾಗಲೇ ಬಂದದ್ದು ಎಂದು ತೋರಿಸಬೇಕು. ಕಾಲು ಹೋದವನಿಗೆ ಅದು ಸುಲಭ. 1863ರಲ್ಲಿ ಜವುಗು ನೀರು ಕುಡಿದು ಹಿಡಿದ ಬೇಧಿ ಇಪ್ಪತ್ತು ವರ್ಷವಾದರೂ ಬಿಡಲಿಲ್ಲ ಎನ್ನುವವನು ಏನು ಮಾಡಬೇಕು? ಆಸ್ಪತ್ರೆಯ ದಾಖಲೆ ಇದ್ದರೆ ಸರಿ. ಇಲ್ಲದಿದ್ದರೆ ತನ್ನ ಅಧಿಕಾರಿಯ ಹೇಳಿಕೆ ಬೇಕು, ಅದೂ ಇಲ್ಲದಿದ್ದರೆ ಜೊತೆಯಲ್ಲಿದ್ದ ಇಬ್ಬರು ಸಿಪಾಯಿಗಳ ಪ್ರಮಾಣಪತ್ರ. ಆಗ ಹಳೆಯ ಕಂಪನಿ ಮತ್ತೆ ಕೂಡುತ್ತದೆ. ಐಯೋವಕ್ಕೆ ಹೋದವನಿಗೆ, ಒರೆಗಾನ್‌ಗೆ ಹೋದವನಿಗೆ ಕಾಗದ ಬರೆಯುತ್ತಾರೆ: ಆ ರಾತ್ರಿ ನನ್ನ ಡೇರೆಯ ಇನ್ನರ್ಧ ನಿನ್ನದೇ ಆಗಿತ್ತಲ್ಲ, ನಿನಗೆ ನೆನಪಿದೆಯಲ್ಲವೇ? ಅವನು ಊರಿನ ನೋಟರಿಯ ಮುಂದೆ ಕುಳಿತು ಹೇಳಿಕೆ ಬರೆಸುತ್ತಾನೆ. ನೆನಪು ಮಸುಕಾಗಿರುತ್ತದೆ, ಅಧಿಕಾರಿ ಸತ್ತಿರುತ್ತಾನೆ, ತಿಂಗಳು ಹೊಂದುವುದಿಲ್ಲ. ಕಡತ ವಾಪಸು ಬರುತ್ತದೆ. ನಿಮ್ಮ ತಂದೆಯವರ ಚಪ್ಪಲಿ ಸವೆದದ್ದೂ ಇಂಥ ದಾರಿಯಲ್ಲೇ ಇರಬೇಕು.

ಪರೀಕ್ಷೆಗೆ ಮೂವರು ವೈದ್ಯರ ಮಂಡಳಿ. ಮನುಷ್ಯನ ಮುಂಭಾಗ, ಹಿಂಭಾಗದ ಚಿತ್ರ ಅಚ್ಚಾಗಿದ್ದ ಹಾಳೆಯ ಮೇಲೆ ಗಾಯದ ಜಾಗಕ್ಕೆ ಗುರುತು ಹಾಕುತ್ತಿದ್ದರು. ಸಂಧಿವಾತಕ್ಕೆ ಹದಿನೆಂಟರಲ್ಲಿ ಆರು ಪಾಲು, ಮೂಲವ್ಯಾಧಿಗೆ ನಾಲ್ಕು ಪಾಲು ಎಂದು ಅಶಕ್ತತೆಯನ್ನು ಭಿನ್ನರಾಶಿಯಲ್ಲಿ ಬರೆಯುತ್ತಿದ್ದರು. ಒಂದು ಕಾಲಕ್ಕೆ ಊರಿನ ಗಟ್ಟಿ ಹುಡುಗನಾಗಿದ್ದವನು ಅರವತ್ತರಲ್ಲಿ ಬಟ್ಟೆ ಬಿಚ್ಚಿ ನಿಂತು ತನ್ನ ಸೋತ ಮೈಯನ್ನು ಲೆಕ್ಕಕ್ಕೆ ಒಪ್ಪಿಸಬೇಕಾದ ಆ ಕೋಣೆಯನ್ನು ನೆನೆದರೆ ಸಂಕಟವಾಗುತ್ತದೆ.

1879ರಲ್ಲಿ ಬಾಕಿ ಹಣವನ್ನು ಸೈನ್ಯದಿಂದ ಬಿಡುಗಡೆಯಾದ ದಿನದಿಂದಲೇ ಲೆಕ್ಕಹಾಕಿ ಕೊಡುವ ಕಾಯ್ದೆ ಬಂತು, ಅರ್ಜಿಗಳ ಪ್ರವಾಹವೇ ಹರಿಯಿತು. ದೊಡ್ಡ ತಿರುವು 1890ರದು. ತೊಂಬತ್ತು ದಿನ ಸೇವೆ ಸಲ್ಲಿಸಿ ಗೌರವದಿಂದ ಬಿಡುಗಡೆಯಾಗಿದ್ದರೆ ಸಾಕು, ಕೆಲಸ ಮಾಡಲಾಗದ ಅಶಕ್ತತೆ ಯುದ್ಧದಿಂದಲೇ ಬಂದದ್ದೆಂದು ತೋರಿಸಬೇಕಾಗಿಲ್ಲ. ತಿಂಗಳಿಗೆ 6ರಿಂದ 12 ಡಾಲರ್. 1907ರಲ್ಲಿ ವಯಸ್ಸೇ ಅರ್ಹತೆಯಾಯಿತು: 62ಕ್ಕೆ 12 ಡಾಲರ್, 70ಕ್ಕೆ 15, 75ಕ್ಕೆ 20. 1890ರ ದಶಕದ ಆರಂಭದಲ್ಲಿ ಪಿಂಚಣಿದಾರರು ಒಂಬತ್ತು ಲಕ್ಷ ಮೀರಿದರು, ಕೇಂದ್ರ ಸರ್ಕಾರದ ಖರ್ಚಿನಲ್ಲಿ ನೂರಕ್ಕೆ ನಲವತ್ತರಷ್ಟು ಅವರಿಗೇ ಹೋಯಿತು. ಇದು ಬೊಕ್ಕಸದ ಲೂಟಿ ಎಂದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಸುಳ್ಳು ಅರ್ಜಿಗಳು ಇದ್ದದ್ದು ನಿಜ. ಮತ ಗಿಟ್ಟಿಸಲು ಪಕ್ಷಗಳು ಇದನ್ನು ಬಳಸಿಕೊಂಡದ್ದೂ ನಿಜ. ಆದರೆ ಕಡತಗಳನ್ನು ಓದುವವರಿಗೆ ಎದ್ದು ಕಾಣುವುದು ನೋವನ್ನು ಹೇಳಲು ಪದ ಸಿಗದೆ ತಡವರಿಸುವ ಮುದುಕರು. ನಾನು ಅವರ ಕಡೆಯವನು.

ಕಪ್ಪು ಸಿಪಾಯಿಗೆ ಈ ದಾರಿ ಇನ್ನೂ ಕಡಿದಾಗಿತ್ತು. ಸುಮಾರು 1,79,000 ಕಪ್ಪು ಜನ ಯೂನಿಯನ್ ಸೈನ್ಯದಲ್ಲಿ ಹೋರಾಡಿದರು. ಅವರಲ್ಲಿ ಬಹುಪಾಲು ಅದುವರೆಗೆ ಗುಲಾಮರಾಗಿದ್ದವರು. ಬಿಳಿಯನಿಗೆ 13 ಡಾಲರ್ ಇದ್ದಾಗ ಇವರಿಗೆ 10, ಅದರಲ್ಲೂ ಬಟ್ಟೆಗೆಂದು 3 ಕಡಿತ. ಮ್ಯಾಸಚೂಸೆಟ್ಸ್‌ನ 54ನೆಯ ರೆಜಿಮೆಂಟಿನವರು ಕಡಿಮೆ ಸಂಬಳ ಮುಟ್ಟುವುದೇ ಇಲ್ಲ ಎಂದು ಒಂದು ವರ್ಷಕ್ಕೂ ಮಿಕ್ಕಿ ಬಿಡಿಗಾಸು ಪಡೆಯದೆ ಹೋರಾಡಿದರು. ಪಿಂಚಣಿಯ ಕಾಯ್ದೆಯಲ್ಲಿ ಬಣ್ಣದ ಭೇದ ಇರಲಿಲ್ಲ. ಕಾಗದದಲ್ಲಿ ಇತ್ತು. ಹುಟ್ಟಿದ ದಿನ ಯಾವುದು? ಗುಲಾಮನ ಮಗುವಿನ ಹುಟ್ಟನ್ನು ಯಾರು ಬರೆದಿಟ್ಟಿದ್ದರು? ಮದುವೆಯ ದಾಖಲೆ ಎಲ್ಲಿ? ಗುಲಾಮರ ಮದುವೆಯನ್ನು ಕಾನೂನು ಒಪ್ಪಿರಲೇ ಇಲ್ಲ. ಸೈನ್ಯಕ್ಕೆ ಸೇರುವಾಗ ಒಡೆಯನ ಮನೆತನದ ಹೆಸರು ಹೇಳಿದವನು ಸ್ವತಂತ್ರನಾದ ಮೇಲೆ ಅಪ್ಪನ ಹೆಸರು ಇಟ್ಟುಕೊಂಡಿದ್ದರೆ ಆ ಇಬ್ಬರೂ ಒಬ್ಬನೇ ಎಂದು ನಂಬಿಸುವುದೇ ಒಂದು ಯುದ್ಧ. ವಿಧವೆಯರು ತೋಟದಲ್ಲಿ ಜೊತೆಗೆ ದುಡಿದಿದ್ದ ಮುದುಕಿಯರನ್ನು ಸಾಕ್ಷಿಗೆ ಕರೆತಂದು, ಯಾವ ಸುಗ್ಗಿಯಲ್ಲಿ ಮದುವೆಯಾಯಿತು, ಯಾವ ಮಗುವನ್ನು ಮಾರಿದರು ಎಂದು ಹೇಳಿಸಿದರು. ಗುಲಾಮ ಸಂಸಾರಗಳ ಒಳಗಿನ ಬದುಕನ್ನು ಅವರದೇ ಮಾತಿನಲ್ಲಿ ಹೇಳುವ ದಾಖಲೆಗಳಲ್ಲಿ ಈ ಕಡತಗಳಿಗೆ ಸಾಟಿಯಾದವು ಕಡಿಮೆ.

ದಕ್ಷಿಣದ ಸಿಪಾಯಿಗೆ ಕೇಂದ್ರದ ಪಿಂಚಣಿ ಇರಲಿಲ್ಲ. ಸೋತ ರಾಜ್ಯಗಳು ತಾವೇ ಕೈಲಾದಷ್ಟು ಕೊಟ್ಟವು. ಮೊದಲು ಕೃತಕ ಕೈಕಾಲು, ಎಷ್ಟೋ ವರ್ಷಗಳ ಮೇಲೆ ಚಿಕ್ಕ ಮೊತ್ತದ ಪಿಂಚಣಿ, ರಿಚ್ಮಂಡ್ ಮೊದಲಾದೆಡೆ ವೃದ್ಧ ಸೈನಿಕರ ಮನೆಗಳು.

ಈಗ ಒಬ್ಬ ಸಿಪಾಯಿಯ ಕಥೆಯನ್ನು ಪೂರ್ತಿ ಹೇಳುತ್ತೇನೆ. ಆಲ್ಬರ್ಟ್ ಕ್ಯಾಶಿಯರ್ ಎಂಬ ಹೆಸರಿನಲ್ಲಿ 1862ರ ಆಗಸ್ಟ್‌ನಲ್ಲಿ ಇಲಿನಾಯ್‌ನ 95ನೆಯ ಕಾಲ್ದಳಕ್ಕೆ ಸೇರಿದವರು ಇವರು. ಹುಟ್ಟಿದ್ದು ಐರ್ಲೆಂಡಿನಲ್ಲಿ, ಓದುಬರಹ ಬಾರದು, ಕಂಪನಿಯಲ್ಲಿ ಎಲ್ಲರಿಗಿಂತ ಗಿಡ್ಡ. 1863ರ ವಿಕ್ಸ್‌ಬರ್ಗ್ ಮುತ್ತಿಗೆಯಲ್ಲಿ ಇದ್ದರು, 1864ರ ಜೂನ್‌ನ ಗನ್‌ಟೌನ್ ಸೋಲಿನಲ್ಲೂ ಇದ್ದರು. ಪೂರ್ತಿ ಮೂರು ವರ್ಷ ಸೇವೆ ಮುಗಿಸಿ 1865ರ ಆಗಸ್ಟ್‌ನಲ್ಲಿ ಬಿಡುಗಡೆಯಾದರು. 1869ರಲ್ಲಿ ಇಲಿನಾಯ್‌ನ ಸೊನೆಮಿನ್ ಎಂಬ ಸಣ್ಣ ಊರಿಗೆ ಬಂದು ನೆಲೆಸಿದರು. ಹೊಲದ ಕೂಲಿ, ಚರ್ಚಿನ ಕಸಗುಡಿಸುವ ಕೆಲಸ, ಸಂಜೆ ಬೀದಿದೀಪ ಹಚ್ಚುವ ಕೆಲಸ. ಪುಟ್ಟ ಮನೆಯಲ್ಲಿ ಒಂಟಿಯಾಗಿ ನಲವತ್ತು ವರ್ಷ. ಸೈನಿಕರ ದಿನಾಚರಣೆಗೆ ಸಮವಸ್ತ್ರ ತೊಟ್ಟು ನಡೆಯುತ್ತಿದ್ದರು. ಪಿಂಚಣಿ ಬರತೊಡಗಿದ್ದು 1907ರಲ್ಲಿ, ವಯಸ್ಸನ್ನಷ್ಟೇ ಕೇಳುವ ಕಾಯ್ದೆ ಬಂದ ವರ್ಷ.

1911ರ ಹೊತ್ತಿಗೆ, ಕೆಲಸ ಮಾಡುತ್ತಿದ್ದ ಮನೆಯ ಯಜಮಾನನ ಕಾರು ತಗುಲಿ ಕ್ಯಾಶಿಯರ್ ಅವರ ಕಾಲು ಮುರಿಯಿತು. ಚಿಕಿತ್ಸೆಗೆ ಬಂದ ವೈದ್ಯರಿಗೆ, ಈ ಸಿಪಾಯಿ ಹೆಣ್ಣಾಗಿ ಹುಟ್ಟಿದವರು ಎಂಬುದು ತಿಳಿಯಿತು. ಹುಟ್ಟಿನ ಹೆಸರು ಜೆನ್ನಿ ಹಾಜರ್ಸ್. ಯುದ್ಧದಲ್ಲಿ ಗಂಡಿನ ವೇಷದಲ್ಲಿ ಹೋರಾಡಿದ ಹೆಂಗಸರು ನೂರಾರು ಇದ್ದರು. ಆದರೆ ಪೂರ್ತಿ ಸೇವೆ ಮುಗಿಸಿ, ಆಮೇಲೂ ಐದು ದಶಕ ಗಂಡಸಾಗಿಯೇ ಬಾಳಿದವರು ಇವರು. ನಮ್ಮ ಭಾಷೆಯ ‘ಅವರು’ ಗಂಡು ಹೆಣ್ಣು ಕೇಳದೆ ಗೌರವ ಕೊಡುತ್ತದೆ, ಇವರ ಬಗ್ಗೆ ಬರೆಯುವಾಗ ನನಗೆ ಅದರಿಂದ ದೊಡ್ಡ ಉಪಕಾರವಾಗಿದೆ. ವೈದ್ಯರು ಗುಟ್ಟು ಬಿಟ್ಟುಕೊಡಲಿಲ್ಲ. ಕ್ವಿನ್ಸಿಯ ಸೈನಿಕರ ವೃದ್ಧಾಶ್ರಮಕ್ಕೆ ಗಂಡಸೆಂದೇ ಸೇರಿಸಿದರು. ಮನಸ್ಸು ಮಂಕಾಗತೊಡಗಿದಾಗ 1914ರಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಬಲವಂತವಾಗಿ ಲಂಗ ತೊಡಿಸಿದರು. ಅಷ್ಟರಲ್ಲಿ ಸುದ್ದಿ ಪತ್ರಿಕೆಗಳಿಗೂ ಮುಟ್ಟಿತ್ತು.

ಪಿಂಚಣಿ ಇಲಾಖೆ ಮೋಸದ ಶಂಕೆಯಿಂದ ತನಿಖೆ ನಡೆಸಿತು. ಮತ್ತೆ ಕಂಪನಿಯ ಮುದುಕರನ್ನು ಹುಡುಕಿ ಹೇಳಿಕೆ ಪಡೆದರು. ಆಲ್ಬರ್ಟ್ ನಮ್ಮೊಂದಿಗೆ ನಡೆದ, ನಮ್ಮೊಂದಿಗೆ ಗುಂಡು ಹಾರಿಸಿದ, ಇವನು ಅವನೇ ಎಂದರು ಅವರು. ಪಿಂಚಣಿ ನಿಲ್ಲಲಿಲ್ಲ. 1915ರ ಅಕ್ಟೋಬರ್ 10ರಂದು ಕ್ಯಾಶಿಯರ್ ತೀರಿಕೊಂಡಾಗ ಸಮವಸ್ತ್ರದಲ್ಲೇ, ಸೈನಿಕ ಗೌರವದೊಂದಿಗೆ ಸೊನೆಮಿನ್‌ನಲ್ಲಿ ಹೂಳಿದರು. ಕಲ್ಲಿನ ಮೇಲೆ ಕೆತ್ತಿದ್ದು ಆಲ್ಬರ್ಟ್ ಡಿ. ಜೆ. ಕ್ಯಾಶಿಯರ್ ಎಂಬ ಹೆಸರು, ಕಂಪನಿ, ರೆಜಿಮೆಂಟ್. ಐವತ್ತು ವರ್ಷದ ಹಿಂದೆ ಜೊತೆಗೆ ಹಸಿದಿದ್ದವರ ಮಾತು ಆಸ್ಪತ್ರೆಯ ತೀರ್ಪಿಗಿಂತ ಗಟ್ಟಿಯಾಗಿ ನಿಂತಿತು.

ಮನಸ್ಸಿನ ಗಾಯದ ವಿಷಯವನ್ನೂ ಬಿಡುವಂತಿಲ್ಲ. ಫಿಲಡೆಲ್ಫಿಯದ ವೈದ್ಯ ಜೇಕಬ್ ಡಕೋಸ್ಟ 1871ರಲ್ಲಿ ಮುನ್ನೂರು ಸಿಪಾಯಿಗಳನ್ನು ಪರೀಕ್ಷಿಸಿದ ವರದಿ ಬರೆದರು. ಎದೆ ಡವಡವ, ಉಸಿರು ಕಟ್ಟುವುದು, ನಿದ್ದೆ ಬಾರದಿರುವುದು, ಆದರೆ ಹೃದಯದಲ್ಲಿ ದೋಷ ಕಾಣುತ್ತಿಲ್ಲ. ಅದನ್ನು ಅವರು ಕೆರಳಿದ ಹೃದಯ ಎಂದು ಕರೆದರು. ವಾಷಿಂಗ್ಟನ್ನಿನ ಸರ್ಕಾರಿ ಹುಚ್ಚಾಸ್ಪತ್ರೆಯ ಒಂದು ಭಾಗವನ್ನು ಯುದ್ಧಕಾಲದಲ್ಲಿ ಗಾಯಾಳುಗಳಿಗೆ ಬಿಟ್ಟುಕೊಟ್ಟಿದ್ದರು. ಮನೆಗೆ ಬರೆಯುವ ಪತ್ರದ ಮೇಲೆ ಹುಚ್ಚಾಸ್ಪತ್ರೆ ಎಂದು ಬರೆಯಲು ಮುಜುಗರಪಟ್ಟ ಸಿಪಾಯಿಗಳು ಆ ಜಮೀನಿನ ಹಳೆಯ ಹೆಸರಾದ ಸೇಂಟ್ ಎಲಿಜಬೆತ್ಸ್ ಎಂದು ಬರೆದರು. 1916ರಲ್ಲಿ ಅದೇ ಅಧಿಕೃತ ಹೆಸರಾಯಿತು.

ನೆಲೆ ಇಲ್ಲದವರಿಗೆ ರಾಷ್ಟ್ರೀಯ ಸೈನಿಕ ಗೃಹಗಳಿದ್ದವು. ಲಿಂಕನ್ 1865ರ ಮಾರ್ಚ್‌ನಲ್ಲಿ ಸಹಿ ಹಾಕಿದ ಕಾಯ್ದೆಯಿಂದ ಹುಟ್ಟಿ, ಮೊದಲನೆಯದು 1866ರಲ್ಲಿ ಮೇಯ್ನ್ ರಾಜ್ಯದ ಟೋಗಸ್‌ನಲ್ಲಿ ತೆರೆಯಿತು. ಊಟ, ಹಾಸಿಗೆ, ನೀಲಿ ಸಮವಸ್ತ್ರ, ಬೆಳಗಿನ ಕಹಳೆ ಎಲ್ಲವೂ ಇತ್ತು. ಬೇಸರವೂ ಕುಡಿತವೂ ಇದ್ದವು. 1866ರಲ್ಲೇ ಹುಟ್ಟಿದ ‘ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್’ ಎಂಬ ಸೈನಿಕರ ಸಂಘ 1890ರ ವೇಳೆಗೆ ನಾಲ್ಕು ಲಕ್ಷ ಸದಸ್ಯರನ್ನು ಮೀರಿತ್ತು. ಪಿಂಚಣಿ ಕಾಯ್ದೆಗಳ ಹಿಂದೆ ನಿಂತ ಬಲ ಅದೇ. ಸಂಘದ ಕೊನೆಯ ಸದಸ್ಯ, ಡೊಳ್ಳು ಬಾರಿಸುವ ಹುಡುಗನಾಗಿ ಸೇರಿದ್ದ ಆಲ್ಬರ್ಟ್ ವೂಲ್ಸನ್, ತೀರಿಕೊಂಡದ್ದು 1956ರ ಆಗಸ್ಟ್‌ನಲ್ಲಿ. ಕನ್ನಡನಾಡು ಒಂದಾಗುವುದಕ್ಕೆ ಮೂರು ತಿಂಗಳು ಮೊದಲು.

ನೀವು ನೋಡಿ ಬಂದ ಗೆಟ್ಟಿಸ್‌ಬರ್ಗ್‌ನಲ್ಲಿ 1913ರಲ್ಲಿ ಐವತ್ತನೆಯ ವರ್ಷಕ್ಕೆ ಎರಡೂ ಕಡೆಯ 53 ಸಾವಿರ ಮುದುಕರು ಸೇರಿದರು. ಕಡು ಬೇಸಿಗೆಯಲ್ಲಿ ಡೇರೆಗಳಲ್ಲಿ ಮಲಗಿ, ಅಂದು ಕೊಂದಾಡಿದ ಕಲ್ಲುಗೋಡೆಯ ಮೇಲಿಂದ ಕೈಕುಲುಕಿದರು. ಯುದ್ಧಕ್ಕೆ ಕಾರಣವಾದ ಗುಲಾಮಗಿರಿಯ ಮಾತನ್ನು ಬದಿಗೆ ಸರಿಸಿ ಸೌಹಾರ್ದವೊಂದನ್ನೇ ಮೆರೆಸಿದ್ದು ನನಗೆ ಸರಿಕಾಣುವುದಿಲ್ಲ. ಆ ಮುದುಕರ ಕಣ್ಣೀರು ಸುಳ್ಳೆಂದು ಹೇಳುವುದಕ್ಕೂ ಮನಸ್ಸು ಬರುವುದಿಲ್ಲ. 1938ರಲ್ಲಿ ಎಪ್ಪತ್ತೈದನೆಯ ವರ್ಷಕ್ಕೆ ಮತ್ತೆ ಸೇರಿದಾಗ ಎರಡು ಸಾವಿರಕ್ಕೂ ಕಡಿಮೆ ಜನ ಬಂದಿದ್ದರು. ಎಲ್ಲರೂ ತೊಂಬತ್ತರ ಆಸುಪಾಸಿನವರು.

ಅವರಲ್ಲಿ ನಾರ್ತ್ ಕ್ಯಾರೊಲಿನಾದ ಒಬ್ಬ ಸಿಪಾಯಿ ಇದ್ದ. ಮೊದಲು ದಕ್ಷಿಣದ ಪಡೆಯಲ್ಲಿದ್ದವನು. 1863ರಲ್ಲಿ ಗೆಟ್ಟಿಸ್‌ಬರ್ಗ್ ಕಡೆಗೆ ಹೊರಟಿದ್ದಾಗ ಕಾಯಿಲೆ ಬಿದ್ದು ದಾರಿಯ ಆಸ್ಪತ್ರೆಯಲ್ಲಿ ಉಳಿದ. ಅವನ ರೆಜಿಮೆಂಟಿನಿಂದ ಕಾಳಗಕ್ಕೆ ಇಳಿದ ಸುಮಾರು 800 ಜನರಲ್ಲಿ ಏಳುನೂರರಷ್ಟು ಮಂದಿ ಸತ್ತರು, ಗಾಯಗೊಂಡರು ಅಥವಾ ಸೆರೆಯಾದರು. ಆಸ್ಪತ್ರೆಯಿಂದ ಅವನು ಓಡಿಹೋದ. ಮರುವರ್ಷ ಯೂನಿಯನ್ ಪಡೆಗೆ ಸೇರಿದ. ಅದರಿಂದಲೇ ಕೇಂದ್ರದ ಪಿಂಚಣಿಗೆ ಅರ್ಹನಾದ. ಇಳಿವಯಸ್ಸಿನಲ್ಲಿ ಮತ್ತೆ ಮದುವೆಯಾಗಿ, 83ನೆಯ ವಯಸ್ಸಿನಲ್ಲಿ ಒಬ್ಬ ಮಗಳಿಗೆ ತಂದೆಯಾದ. 1938ರ ಕೂಟದಿಂದ ಊರಿಗೆ ಮರಳಿದ ಕೆಲವೇ ದಿನಗಳಲ್ಲಿ ತೀರಿಕೊಂಡ. ತನ್ನನ್ನು ತಾನು ನೋಡಿಕೊಳ್ಳಲಾಗದ ಆ ಮಗಳಿಗೆ ಅವನ ಸೇವೆಯ ಲೆಕ್ಕದಲ್ಲಿ ತಿಂಗಳಿಗೆ 73 ಡಾಲರ್ 13 ಸೆಂಟ್ ಬರುತ್ತಿತ್ತು. ಅಂತರ್ಯುದ್ಧದ ಲೆಕ್ಕದಲ್ಲಿ ಅಮೆರಿಕ ಸರ್ಕಾರ ಕೊಡುತ್ತಿದ್ದ ಕೊನೆಯ ಪಿಂಚಣಿ ಅದು. ಆಕೆ ತೀರಿಕೊಂಡದ್ದು 2020ರ ಮೇ 31ರಂದು. ಆ ಕಡತವನ್ನು ಮುಚ್ಚಿದ್ದು ಆಮೇಲೆ.